ನೋವು ಅಳೆಯೋ ಪಟ್ಟಿಯ ಪಾಡು

ಕೀಲುನೋವಿನವರ ನಡುವೆ ಕೆಲಸ ಮಾಡುವವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಕುಂಟಿಕೊಂಡು ಬಾಗಿಲಿಗೆ ಬರುತ್ತದೆ. ಬಂದಾಗ ನಗಬೇಕೋ ಅಳಬೇಕೋ ಗೊತ್ತಾಗದೆ ನಾವು ಬಾಯಿ ತೆರೆದುಕೊಂಡು ನಿಂತಿರುತ್ತೇವೆ, ಅಷ್ಟೇ.

ನಾನು ಕಡೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಫಿಸಿಯೋಥೆರಪಿ ಮಾಡಿಸುವವಳು. ಮಂಡಿ ಮಡಿಸಿ, ಬೆರಳು ಬಿಡಿಸಿ, ಹೆಗಲು ಎತ್ತಿ ಎಂದು ಹೇಳುವುದು ನನ್ನ ಕಸುಬು. ಹೇಳಿದ್ದನ್ನು ಯಾರೂ ಮಾಡುವುದಿಲ್ಲ, ಅದು ಬೇರೆ ಮಾತು. ಒಂದು ದಿನ ನಮ್ಮ ಡಾಕ್ಟರು ಕರೆದು, "ಬೆಂಗಳೂರಿಂದ ಒಂದು ತಂಡ ಬಂದಿದೆಯಮ್ಮ. ಸಂಧಿವಾತ ಇರೋರ ಕೈಗೆ ಒಂದು ಪಟ್ಟಿ ಕಟ್ತಾರಂತೆ. ಎಷ್ಟು ನಡೆದ್ರು, ಎಷ್ಟು ನಿದ್ದೆ ಮಾಡಿದ್ರು, ಬೆಳಗ್ಗೆ ಎದ್ದಾಗ ಕೀಲು ಎಷ್ಟು ಹೊತ್ತು ಹಿಡ್ಕೊಂಡಿತ್ತು, ಎಲ್ಲಾ ಅಲ್ಲಿಂದಲೇ ನೋಡ್ತಾರಂತೆ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನೀನೇ ನೋಡ್ಕೋ," ಅಂದರು. ನನ್ನ ಹತ್ತಿರ ಸ್ಕೂಟರ್ ಇತ್ತು. ಅದೇ ನನ್ನ ಅರ್ಹತೆ.

ಸುಳ್ಳು ಯಾಕೆ ಹೇಳಲಿ, ನಾನೂ ಆ ಪಟ್ಟಿಯನ್ನು ನಂಬಿದ್ದೆ. ನಮ್ಮ ಜನ ಮನೆಯಲ್ಲಿ ಹಾಸಿಗೆಯಿಂದ ಏಳಲಾಗದೆ ಗೋಡೆ ಹಿಡಿದು ಅಳುತ್ತಾರೆ, ಡಾಕ್ಟರ ಮುಂದೆ ಕೂತಾಗ "ಪರವಾಗಿಲ್ಲ ಸ್ವಾಮಿ" ಅನ್ನುತ್ತಾರೆ. ಅವರು ಹೇಳದ್ದನ್ನು ಈ ಪಟ್ಟಿಯಾದರೂ ಹೇಳಲಿ ಅಂದುಕೊಂಡೆ. ಪಟ್ಟಿ ವಾಚಿನ ಹಾಗೆ ಕೈಗೆ ಕಟ್ಟುವಂಥದ್ದು. ಅದು ಗುರ್ ಅಂದಾಗ ಮನೆಯವರ ಮೊಬೈಲಿನಲ್ಲಿ ಆ ಹೊತ್ತಿನ ನೋವು ಎಷ್ಟು ಎಂದು ಒತ್ತಬೇಕು. ಬೆಂಗಳೂರಿನಲ್ಲಿ ಅದನ್ನೆಲ್ಲ ನೋಡಿಕೊಳ್ಳಲು ಒಬ್ಬ ಮೇಡಂ ಇದ್ದರು. ಒಳ್ಳೆಯ ಹೆಂಗಸು. ಕಂಪ್ಯೂಟರಿನಲ್ಲಿ ಗೆರೆ ಒಂಚೂರು ಮೇಲೆ ಕೆಳಗೆ ಆದರೂ ನನಗೆ ಫೋನ್ ಮಾಡುತ್ತಿದ್ದರು. ನಾನು ಸ್ಕೂಟರ್ ಹತ್ತುತ್ತಿದ್ದೆ.

೧. ಹತ್ತಕ್ಕೆ ಎಷ್ಟು?

ಮೊದಲ ಪಟ್ಟಿ ಕಟ್ಟಿದ್ದು ಪಂಚನಹಳ್ಳಿಯ ಒಬ್ಬ ಅಜ್ಜಿಗೆ. ತೆಂಗಿನ ತೋಟ ಇರುವ ಮನೆ, ತುಂಬಿದ ಸಂಸಾರ. ಅಜ್ಜಿಯ ಎರಡೂ ಮಂಡಿ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದವು. ಜಗುಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

"ಇದು ಕಟ್ಕಂಡ್ರೆ ನೋವು ಹೋಯ್ತದಾ?"

"ಇಲ್ಲ ಅಜ್ಜಿ. ನೋವು ಎಷ್ಟಿದೆ ಅಂತ ಗೊತ್ತಾಗುತ್ತೆ."

"ಯಾರಿಗೆ?"

"ಬೆಂಗಳೂರಿನೋರಿಗೆ."

"ಅವರಿಗೆ ಗೊತ್ತಾದ್ರೆ ನಂಗೆ ಕಮ್ಮಿ ಆಯ್ತದಾ?"

ನಾನು ನೀರು ಕುಡಿದೆ. ಮನೆಗೆ ಬಂದವಳನ್ನು ಬರಿಗೈಲಿ ಕಳಿಸಬಾರದು ಅಂತಲೋ ಏನೋ, ಅಜ್ಜಿ ಕೈ ಚಾಚಿದರು. ಕಟ್ಟಿದೆ. ತಕ್ಷಣ ಅದು ಗುರ್ ಅಂದಿತು. ಸೊಸೆಯ ಮೊಬೈಲಿನಲ್ಲಿ ಬಂದ ಪ್ರಶ್ನೆಯನ್ನು ನಾನೇ ಓದಿ ಹೇಳಿದೆ.

"ಅಜ್ಜಿ, ಸೊನ್ನೆ ಅಂದ್ರೆ ನೋವೇ ಇಲ್ಲ ಅಂತ. ಹತ್ತು ಅಂದ್ರೆ ತಡ್ಕೊಳ್ಳೋಕೆ ಆಗಲ್ಲ ಅಂತ. ಈಗ ಎಷ್ಟು ಒತ್ಲಿ?"

"ಯಾವ ಕಾಲಿಗೆ?"

"ಎಲ್ಲಾ ಸೇರಿ."

ಅಜ್ಜಿ ಬೆರಳು ಮಡಿಸಿದರು. "ಬಲಗಾಲಿಗೆ ಹತ್ತು ಹಾಕ್ಕೋ. ಎಡಗಾಲಿಗೂ ಹತ್ತು. ಸೊಂಟಕ್ಕೆ ಎಂಟು ಹಾಕು, ಪಾಪ, ಇವತ್ತು ಒಸಿ ಸುಮ್ಕೈತೆ."

"ಇಪ್ಪತ್ತೆಂಟು ಆಯ್ತಲ್ಲ ಅಜ್ಜಿ! ಇದ್ರಲ್ಲಿ ಹತ್ತರ ಮೇಲೆ ಬರಲ್ಲ."

ಅಜ್ಜಿ ನನ್ನ ಕಡೆ ಕನಿಕರದಿಂದ ನೋಡಿದರು.

"ಅದ್ರಲ್ಲಿ ಬರಲ್ಲ ಕಣವ್ವ. ನನ್ನಲ್ಲಿ ಬತ್ತದೆ."

೨. ಕೂತಲ್ಲೇ ನಡಿಗೆ

ತರೀಕೆರೆಯಲ್ಲಿ ಒಬ್ಬರು ನಿವೃತ್ತ ಬಸ್ ಡ್ರೈವರ್. ಕ್ಲಚ್ ಒತ್ತಿ ಒತ್ತಿ ಎಡಮಂಡಿ ಸವೆದು, ಅದರ ಭಾರ ಹೊತ್ತು ಹೊತ್ತು ಬಲಮಂಡಿಯೂ ಸವೆದಿತ್ತು. ಅವರನ್ನು ನಾನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ. ಪಟ್ಟಿ ಕಟ್ಟಿ ಸ್ವಲ್ಪ ದಿನವಾಗಿತ್ತು. ಬೆಂಗಳೂರಿನ ಮೇಡಂ ಫೋನ್ ಮಾಡಿದಾಗ ಅವರ ಧ್ವನಿ ಕುಣಿಯುತ್ತಿತ್ತು.

"ನಿಮ್ಮ ತರೀಕೆರೆ ಪೇಷೆಂಟ್ ಏನು ನಡೀತಿದಾರೆ ಗೊತ್ತಾ! ದಿನಾ ಸಾಯಂಕಾಲ ನಿಲ್ಲಿಸದೆ ನಡೀತಾರೆ. ಇಷ್ಟು ಸುಧಾರಣೆ ಎಲ್ಲೂ ಕಂಡಿಲ್ಲ. ನೀವೇನು ಎಕ್ಸರ್‌ಸೈಜ್ ಹೇಳಿಕೊಟ್ರಿ?"

ನನಗೂ ಹೆಮ್ಮೆ ಆಯಿತು. ನಾನು ಹೇಳಿದ್ದನ್ನು ಮಾಡಿದ ಮೊದಲ ಮನುಷ್ಯ ಸಿಕ್ಕಿದರಲ್ಲ ಅಂದುಕೊಂಡೆ. ನಮ್ಮ ಡಾಕ್ಟರಿಗೂ ಆ ಗೆರೆ ತೋರಿಸಿದೆ. ಅವರು ಖುಷಿಯಾಗಿ ದೊಡ್ಡಪ್ಪನ ನೋವಿನ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು.

ಆಮೇಲೆ ಒಂದು ಸಾಯಂಕಾಲ ಅವರ ನಡಿಗೆ ಕಣ್ಣಾರೆ ನೋಡೋಣವೆಂದು ತರೀಕೆರೆಗೆ ಹೋದೆ. ಮನೆಯಲ್ಲಿ ಇರಲಿಲ್ಲ. "ಭಜನೆ ಮಂದಿರದಲ್ಲಿ ಇದಾರೆ ನೋಡಿ," ಅಂದರು ಅವರ ಮನೆಯವರು. ಹೋಗಿ ನೋಡಿದರೆ ದೊಡ್ಡಪ್ಪ ಗೋಡೆಗೆ ಒರಗಿ, ಎರಡೂ ಕಾಲು ಮುಂದಕ್ಕೆ ನೀಡಿ ಕೂತಿದ್ದಾರೆ. ಕೈಯಲ್ಲಿ ತಾಳ. ಕಣ್ಣು ಮುಚ್ಚಿ ಕುಟ್ಟುತ್ತಿದ್ದಾರೆ. ತಾಳ ಒಂದೊಂದು ಸಲ ಕೂಡಿದಾಗಲೂ ಪಟ್ಟಿಯ ಮೇಲೆ ಒಂದೊಂದು ಹೆಜ್ಜೆ ಏರುತ್ತಿದೆ. ಹಾಡು ದ್ರುತಕ್ಕೆ ಬಂದಾಗ ದೊಡ್ಡಪ್ಪ ಓಡುತ್ತಿದ್ದಾರೆ!

ಮಂಗಳಾರತಿ ಆಗುವವರೆಗೆ ತಡೆದುಕೊಂಡು ಕೇಳಿದೆ. "ದೊಡ್ಡಪ್ಪ, ನೀವು ನಡೀತಾನೇ ಇಲ್ವಾ?"

"ಈ ಕಾಲಲ್ಲಿ ಎಲ್ಲಿ ನಡೀಲಮ್ಮ? ಇಲ್ಲಿಗೂ ಆಟೋದಲ್ಲೇ ಬತ್ತೀನಿ. ಮಾತ್ರೆ ಕಮ್ಮಿ ಮಾಡಿದ ಮೇಲಂತೂ ಕಾಲು ಕಿತ್ತು ಬಿಸಾಕಂಗೆ ಆಗೈತೆ."

"ಅಯ್ಯೋ, ಮತ್ತೆ ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?"

"ಮಿಷನ್ನೇ ನಾನು ಚೆನ್ನಾಗಿದೀನಿ ಅಂತ ಹೇಳ್ದ ಮೇಲೆ ನಾನೇನಮ್ಮ ಅಡ್ಡ ಮಾತಾಡ್ಲಿ?"

ಅಲ್ಲೇ ನಿಂತು ನಮ್ಮ ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಮೊದಲಿನ ಹಾಗೆ ಮಾಡಿಸಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ತಾಳ ಬಡಿದದ್ದನ್ನು ಪಟ್ಟಿ ನಡಿಗೆ ಎಂದು ಎಣಿಸಿಬಿಟ್ಟಿದೆ ಎಂದು ವಿವರಿಸಿದೆ. ದೊಡ್ಡಪ್ಪ ಕೆಮ್ಮು ಬರುವವರೆಗೆ ನಕ್ಕರು. ಕೊನೆಗೆ ನನ್ನನ್ನೇ ಸಮಾಧಾನ ಮಾಡಿದರು:

"ಹೋಗ್ಲಿ ಬಿಡಮ್ಮ. ಸರ್ವೀಸ್ ಪೂರ್ತಿ ಕೂತ್ಕಂಡೇ ಊರೂರು ಸುತ್ತಿದೀನಿ. ಕೂತ್ಕಂಡು ನಡೆಯೋದು ನಂಗೇನು ಹೊಸದಾ?"

೩. ಒಂದೇ ಲೋಟ ಕಾಫಿ

ಆಯುಧಪೂಜೆಯ ಮಾರನೇ ದಿನ ಬೆಳಗ್ಗೆ ಮೇಡಂ ಫೋನ್.

"ಅಂತರಘಟ್ಟೆಯ ಪೇಷೆಂಟ್... ನಿನ್ನೆಯಿಂದ ಅಲುಗಾಡಿಲ್ಲ. ಹಾರ್ಟ್‌ಬೀಟೂ ಬರ್ತಿಲ್ಲ. ದಯವಿಟ್ಟು ಹೋಗಿ ನೋಡಿ."

ಅವರ ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಅವರು ನನ್ನ ತಂದೆಯ ವಯಸ್ಸಿನ ರೈತರು, ಕೈಬೆರಳು, ಮಣಿಕಟ್ಟು ಎಲ್ಲ ಊದಿ ಎಷ್ಟೋ ವರ್ಷವಾಗಿತ್ತು. ಹೋದಾಗಲೆಲ್ಲ ಹೊಲದ ಅವರೆಕಾಯಿ ಕೊಟ್ಟು ಕಳಿಸುವವರು. ಬೀರೂರು ದಾಟಿ, ಅಜ್ಜಂಪುರ ದಾಟಿ, ಸ್ಕೂಟರಿನ ಕಿವಿ ಹಿಂಡಿಕೊಂಡು ಹೋದೆ. ದಾರಿಯುದ್ದಕ್ಕೂ ಅವರ ಹೆಂಡತಿಗೆ ಏನು ಹೇಳಲಿ ಎಂಬ ಯೋಚನೆ. ಕೈಗೆ ನಾನೇ ಕಟ್ಟಿದ ಪಟ್ಟಿ. ಅದು ಕಟ್ಟಿದ ಮೇಲೇ ಹೀಗಾಯಿತು ಅಂದುಬಿಟ್ಟರೆ?

ಮನೆ ಮುಂದೆ ಬಂದು ನೋಡಿದರೆ ಬಾಗಿಲ ತುಂಬ ಚಪ್ಪಲಿಗಳು. ಒಳಗೆ ಜನವೋ ಜನ. ಸ್ಕೂಟರಿಗೆ ಸ್ಟ್ಯಾಂಡ್ ಕೂಡ ಹಾಕದೆ ಬೇಲಿಗೆ ಒರಗಿಸಿದೆ. ಅಷ್ಟರಲ್ಲಿ ಆ ಯಜಮಾನರೇ ಎಲೆಅಡಿಕೆ ಜಗಿಯುತ್ತಾ ಹೊರಗೆ ಬಂದರು.

"ಏನಮ್ಮಾ, ಹಬ್ಬದ ಮಾರನೇ ದಿನ ಬಂದ್ಬಿಟ್ಟೆ? ನಿನ್ನೆ ಬಂದಿದ್ರೆ ಹೋಳಿಗೆ ಸಿಗ್ತಿತ್ತಲ್ಲ!"

ನಾನು ಗಳಗಳ ಅತ್ತುಬಿಟ್ಟೆ. ಅವರು ಗಾಬರಿಯಾಗಿ ಹತ್ತಿರ ಬಂದರು. ಅವರ ಕೈ ನೋಡಿದೆ. ಪಟ್ಟಿ ಇಲ್ಲ.

"ಪಟ್ಟಿ ಎಲ್ಲಿ ಅಪ್ಪಾಜಿ?"

ಹಬ್ಬಕ್ಕೆ ಬಂದಿದ್ದ ನೆಂಟರ ನಡುವೆ ಒಳಗೆ ಕರೆದುಕೊಂಡು ಹೋಗಿ ದೇವರ ಕೋಣೆ ತೋರಿಸಿದರು. ಕುಡುಗೋಲು, ಗುದ್ದಲಿ, ಬೈಕಿನ ಕೀಲಿ, ಕಾಯಿ ಸುಲಿಯುವ ಕೊಕ್ಕೆ. ಎಲ್ಲದರ ನಡುವೆ ನಮ್ಮ ಪಟ್ಟಿ. ಮೈಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ತಲೆಗೆ ಒಂದು ಚೆಂಡುಹೂವು. ಕೈಯ ನಾಡಿ ನೋಡುವ ಹಸಿರು ದೀಪದ ಕಣ್ಣಿಗೂ ವಿಭೂತಿ ಮೆತ್ತಿತ್ತು.

"ಅದೂ ಆಯುಧನೇ ಅಲ್ವಾ?" ಅಂದರು. "ಪೂಜೆಗೆ ಇಟ್ಟ ಮೇಲೆ ಇವತ್ತು ಸಾಯಂಕಾಲದ ತನಕ ಮುಟ್ಟಂಗಿಲ್ಲ. ನೀನ್ಯಾಕಮ್ಮ ಅತ್ತಿದ್ದು?"

"ನಿಮ್ಮ ಎದೆ ನಿನ್ನೆಯಿಂದ ಬಡೀತಿಲ್ಲ ಅಂತ ಬೆಂಗಳೂರಿಗೆ ಸುದ್ದಿ ಹೋಗಿತ್ತು."

ಯಜಮಾನರು ಅಡುಗೆಮನೆ ಕಡೆ ತಿರುಗಿ ಕೂಗಿದರು:

"ಲೇ, ನಾನು ನಿನ್ನೆನೇ ಹೋಗ್ಬಿಟ್ಟೆನಂತೆ ಕಣೇ! ಕಾಫಿ ಒಂದೇ ಲೋಟ ಮಾಡು, ಈಯಮ್ಮಂಗೆ ಮಾತ್ರ!"

೪. ನೋವು ಕಳಿಸೋ ಗುಡ್ಡ

ಹೆಬ್ಬೆಯ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಕೂಲಿಯವರಿಗೆ ಅಡುಗೆ ಮಾಡುವ ಒಬ್ಬ ಹೆಂಗಸು ನಮ್ಮ ರೋಗಿ. ಮಂಡಿ ಹಿಡಿದುಕೊಂಡು ಪಾತ್ರೆ ಇಳಿಸುವಾಗ ಅವಳ ಬಾಯಿಂದ ಬರುತ್ತಿದ್ದ ಸಣ್ಣ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ಅವಳ ಬಗ್ಗೆ ಮೇಡಂಗೆ ಒಂದು ಚಿಂತೆ ಹತ್ತಿತು.

"ದಿನವೆಲ್ಲ ನೋವು ಆರು, ಏಳು ಇರುತ್ತೆ. ಸಾಯಂಕಾಲ ಆದ ಕೂಡಲೇ ಒಂಬತ್ತಕ್ಕೆ ಹೋಗುತ್ತೆ. ಎದೆಬಡಿತವೂ ಏರುತ್ತೆ. ಆ ಹೊತ್ತಲ್ಲಿ ಏನೋ ಕಷ್ಟದ ಕೆಲಸ ಮಾಡ್ತಿದಾರೆ. ಅದೇನು ಅಂತ ಪತ್ತೆ ಮಾಡಿ, ನಿಲ್ಲಿಸೋಕೆ ಹೇಳಿ."

ಆ ರಸ್ತೆಗೆ ನನ್ನ ಸ್ಕೂಟರ್ ಒಗ್ಗುವುದಿಲ್ಲ. ಜೀಪು ಹಿಡಿದು, ಮೈಯ ಕೀಲೆಲ್ಲ ಸಡಿಲ ಮಾಡಿಕೊಂಡು ಹೋದೆ. ಮಧ್ಯಾಹ್ನದಿಂದ ಅವಳ ಜೊತೆಯಲ್ಲೇ ಕೂತೆ. ಅನ್ನ ಬಸಿದಳು, ಪಾತ್ರೆ ತೊಳೆದಳು. ಸಾಯಂಕಾಲವಾಗುತ್ತಿದ್ದ ಹಾಗೆ ಸೆರಗು ಸಿಕ್ಕಿಸಿಕೊಂಡು, ಕೋಲು ತೆಗೆದುಕೊಂಡು, "ಬನ್ನಿ ಅಕ್ಕ, ಹೊತ್ತಾಯ್ತು," ಅಂದಳು.

ಕೂಲಿಯವರ ಮನೆಗಳ ಹಿಂದೆ ಒಂದು ಗುಡ್ಡ. ಕಾಲುದಾರಿ ನೆಟ್ಟಗೆ ಮೇಲಕ್ಕೆ. ಅವಳು ಕೋಲೂರಿ, ಒಂದು ಕಾಲಿಟ್ಟು, ಇನ್ನೊಂದು ಕಾಲನ್ನು ಎಳೆದುಕೊಂಡು ಹತ್ತತೊಡಗಿದಳು. ನನಗೇ ಏದುಸಿರು. ಅವಳ ಮುಖ ನೋಡಲಾಗಲಿಲ್ಲ. ತುದಿಯಲ್ಲಿ ಒಂದು ಬಂಡೆ. ಅದರ ಮೇಲೆ ಕೂತು ಮೊಬೈಲನ್ನು ಆರತಿ ಹಿಡಿದ ಹಾಗೆ ಮೇಲೆತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅದು ಟಿಂಗ್ ಅಂದಿತು.

"ಹೋಯ್ತು!" ಅಂದಳು, ಬೆವರು ಒರೆಸಿಕೊಂಡು.

"ಏನು ಹೋಯ್ತು?"

"ನೋವು. ಕೆಳಗೆ ನೆಟ್‌ವರ್ಕ್ ಇಲ್ವಲ್ಲ. ದಿನಾ ಕಳಿಸ್ಬೇಕು ಅಂತ ನೀವೇ ಹೇಳಿದ್ರಲ್ಲ ಅಕ್ಕ."

ಹೌದು, ನಾನೇ ಹೇಳಿದ್ದೆ. "ಫೋನನ್ನ ಬೇರೆ ಯಾರ ಕೈಲಾದ್ರೂ ಕೊಟ್ಟು ಕಳಿಸಬಾರದಾ ತಾಯಿ?"

"ಮೈದುನನ ಕೈಲಿ ಕೊಟ್ಟಿದ್ದೆ. ಇಲ್ಲಿ ಕೂತ್ಕಂಡು ರೀಲ್ಸ್ ನೋಡಿ ಬ್ಯಾಟರಿ ಮುಗಿಸ್ಕಂಡು ಬಂದ."

ಆ ಬಂಡೆಯ ಮೇಲಿಂದಲೇ ಮೇಡಂಗೆ ಫೋನ್ ಮಾಡಿದೆ. "ಮೇಡಂ, ಪತ್ತೆ ಆಯ್ತು. ಸಾಯಂಕಾಲ ಈಯಮ್ಮ ನಿಮಗೆ ನೋವು ಕಳಿಸೋಕೆ ಗುಡ್ಡ ಹತ್ತುತ್ತಾರೆ."

ಮೇಡಂ ಸಣ್ಣ ದನಿಯಲ್ಲಿ, "ಹತ್ತಬೇಡಿ ಅಂತ ಹೇಳಿಬಿಡಿ," ಅಂದರು.

ನಾನು ಅವಳ ಕಡೆ ತಿರುಗಿ ಹೇಳಿದೆ. "ನಾಳೆಯಿಂದ ಗುಡ್ಡ ಹತ್ತೋದು ಬೇಡ್ವಂತೆ ತಾಯಿ."

ಅವಳಿಗೆ ನಿಜವಾಗಿಯೂ ಗಾಬರಿಯಾಯಿತು.

"ಹತ್ತದೇ ಇದ್ರೆ ನೋವು ಹೋಗೋದೇ ಇಲ್ವಲ್ಲ ಅಕ್ಕ!"

೫. ಅಡುಗೆಮನೆ ಪಂಚಾಯ್ತಿ

ಅಜ್ಜಂಪುರದಲ್ಲಿ ಕಿರಾಣಿ ಅಂಗಡಿಯವರ ಮನೆ. ಅತ್ತೆ, ಸೊಸೆ, ಮಗ. ರೋಗಿ ಸೊಸೆ. ಇನ್ನೂ ನಲವತ್ತು ದಾಟಿರಲಿಲ್ಲ. ಬೆರಳಿನ ಗಿಣ್ಣೆಲ್ಲ ಊದುವ ಸಂಧಿವಾತ. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬಾರದು. ಮೈಯಲ್ಲಿ ಬೇರೇನೂ ಕಾಣುವುದಿಲ್ಲವಾದ್ದರಿಂದ ಅತ್ತೆಗೆ ಅದು ಕಾಯಿಲೆ ಎಂದು ಅನ್ನಿಸಿರಲಿಲ್ಲ.

"ರೊಟ್ಟಿ ತಟ್ಟೋ ಹೊತ್ತಿಗೆ ಸರಿಯಾಗಿ ಕೈ ನೋವು ಬತ್ತದೆ ಇವಳಿಗೆ," ಎಂದು ನನ್ನ ಮುಂದೆಯೇ ಹೇಳುತ್ತಿದ್ದರು. ಸೊಸೆ ತಲೆ ತಗ್ಗಿಸಿಕೊಂಡು ಹಿಟ್ಟು ನಾದುತ್ತಿದ್ದಳು. ಅಂಗೈಯಲ್ಲಿ ನಾದಲು ಆಗದೆ ಮಣಿಕಟ್ಟಿನಲ್ಲಿ ಒತ್ತುತ್ತಿದ್ದಳು. ಅದನ್ನು ನೋಡಿದವಳು ಆ ಮನೆಯಲ್ಲಿ ನಾನೊಬ್ಬಳೇ ಇರಬೇಕು.

ಒಂದು ದಿನ ತಡೆಯಲಾರದೆ ಮೊಬೈಲ್ ತೆಗೆದು ಅತ್ತೆಯ ಮುಂದೆ ಹಿಡಿದೆ. "ನೋಡಿ ಅಮ್ಮ, ಇದು ನಿಮ್ಮ ಸೊಸೆಯ ರಾತ್ರಿ. ಈ ಕೆಂಪು ಇರೋ ಕಡೆಯೆಲ್ಲ ನೋವಿಗೆ ಎಚ್ಚರ ಆಗಿರೋದು. ಇದು ಬೆಳಗ್ಗೆ. ಕೈ ಹಿಡ್ಕೊಂಡಿರೋದು."

ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕೈಯನ್ನೇ ಮುಂದೆ ಚಾಚಿ, "ನಂಗೂ ಒಂದು ಕಟ್ಟು. ನನ್ನ ಭುಜ, ಮಂಡಿ ಏನು ಹೇಳ್ತವೆ ನೋಡೋಣ," ಅಂದರು.

ಬಿಡುವಿದ್ದ ಪಟ್ಟಿಯೊಂದು ಇತ್ತು. ಬೆಂಗಳೂರಿನ ಮೇಡಂ ಒಪ್ಪಿದರು. ವಾರ ಕಳೆದು ಹೋದರೆ ಅಡುಗೆಮನೆಯಲ್ಲಿ ನ್ಯಾಯ ಸೇರಿದೆ. ಅತ್ತೆ ಮಣೆಯ ಮೇಲೆ. ಸೊಸೆ ಒಲೆಯ ಪಕ್ಕ. ಮಗನನ್ನು ಅಂಗಡಿಯಿಂದ ಕರೆಸಿದ್ದಾರೆ, ಅವನು ಬಾಗಿಲಿಗೆ ಒರಗಿ ನಿಂತಿದ್ದಾನೆ. ನನ್ನ ಕೈಯಲ್ಲಿ ಎರಡು ಮೊಬೈಲು.

"ಯಾರಿಗೆ ಜಾಸ್ತಿ ಅಂತ ಹೇಳ್ಬಿಡಿ ಅಕ್ಕ," ಅಂದ ಮಗ. "ಇವತ್ತಿಗೆ ಮುಗಿದು ಹೋಗ್ಲಿ."

ಮೊಬೈಲುಗಳನ್ನು ನೆಲದ ಮೇಲೆ ಅಕ್ಕಪಕ್ಕ ಇಟ್ಟೆ. "ನೀವೇ ನೋಡಿ. ಇಬ್ಬರದ್ದೂ ಕೆಂಪೇ."

ಅತ್ತೆ ಬಗ್ಗಿ ನೋಡಿದರು. ಸೊಸೆಯೂ ಬಗ್ಗಿದಳು. ಅತ್ತೆ ಒಮ್ಮೆಲೇ ಸೊಸೆಯ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಮದುವೆಯಾಗಿ ಬಂದ ಮೇಲೆ ಅವರು ಆ ಕೈ ಹಿಡಿದದ್ದು ಅದೇ ಮೊದಲು ಎಂದು ಆಮೇಲೆ ಸೊಸೆ ನನಗೆ ಹೇಳಿದಳು. ಒಂದೊಂದೇ ಗಿಣ್ಣು ಮುಟ್ಟಿ ನೋಡಿದರು.

"ಇಷ್ಟು ಊದೈತಲ್ಲೇ! ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಮೂರು ವರ್ಷದಿಂದ ಹೇಳ್ತಾನೇ ಇದೀನಿ ಅತ್ತೆ," ಅಂದಳು ಸೊಸೆ.

ಒಲೆಯ ಮೇಲಿನ ಹಂಚು ಕಾದು ಹೊಗೆ ಬರುತ್ತಿತ್ತು. ಅತ್ತೆ ಸೊಸೆಯ ಕೈಯನ್ನು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಆಮೇಲೆ ಹಂಚಿನ ಕಡೆ ನೋಡಿದರು. ಹಿಟ್ಟಿನ ಕಡೆ ನೋಡಿದರು. ನಿಧಾನವಾಗಿ ತಲೆ ಎತ್ತಿ ಮಗನ ಕಡೆ ನೋಡಿದರು. ಸೊಸೆಯೂ ನೋಡಿದಳು. ನಾನೂ ನೋಡಿದೆ.

ಮಗ ಎರಡು ಹೆಜ್ಜೆ ಹಿಂದೆ ಸರಿದು, ಅಂಗಿಯ ತೋಳು ಮೇಲೇರಿಸಿ ನನ್ನ ಮುಂದೆ ಕೈ ಚಾಚಿದ.

"ಅಕ್ಕ, ಇನ್ನೊಂದು ಪಟ್ಟಿ ಇದ್ರೆ ನಂಗೂ ಕಟ್ಬಿಡಿ."

೬. ಎದ್ದು ನಿಂತ ಸಭೆ

ಕಡೆಗೊಂದು ದಿನ ಕಡೂರಿನಲ್ಲಿ ಸಭೆ. ಪಟ್ಟಿ ಕಟ್ಟಿಕೊಂಡವರೆಲ್ಲ ಬರಬೇಕು, ಬೆಂಗಳೂರಿನಿಂದ ದೊಡ್ಡ ಡಾಕ್ಟರು ಬರುತ್ತಾರೆ ಎಂದು ಹೇಳಿಕಳಿಸಿದರು. ಇಷ್ಟು ದಿನ ನೋವು ನೋಡಿದ್ದಾರೆ, ಇನ್ನು ಔಷಧಿ ಕೊಡುತ್ತಾರೆ ಎಂದು ಎಲ್ಲರಿಗೂ ಆಸೆ. ಒಬ್ಬೊಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿದ್ದರು.

ಸಭೆ ಇಟ್ಟಿದ್ದು ಒಂದು ಛತ್ರದ ಮಹಡಿಯ ಮೇಲೆ. ಲಿಫ್ಟ್ ಇಲ್ಲ.

"ಸರ್, ಇವರೆಲ್ಲ ಮಂಡಿನೋವಿನೋರು," ಅಂದೆ ಏರ್ಪಾಟು ಮಾಡಿದವರಿಗೆ.

"ಕೆಳಗಿನ ಹಾಲಲ್ಲಿ ನಿಶ್ಚಿತಾರ್ಥ ಇದೆ ಕಣಮ್ಮ, ಏನ್ಮಾಡೋದು?" ಅಂದರು.

ಆ ಮೆಟ್ಟಿಲುಗಳನ್ನು ನಮ್ಮ ಜನ ಹತ್ತಿದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ಅಡ್ಡಡ್ಡ ಹತ್ತಿದವರು, ಹಿಮ್ಮುಖವಾಗಿ ಹತ್ತಿದವರು, ಕೂತುಕೊಂಡೇ ಹತ್ತಿದವರು. ಕೆಳಗೆ ನಾದಸ್ವರ ಊದುತ್ತಿತ್ತು. ಮೇಲೆ ಸೇರುವಷ್ಟರಲ್ಲಿ ನಿಶ್ಚಿತಾರ್ಥವೇ ಮುಗಿದಿತ್ತು.

ದೊಡ್ಡ ಡಾಕ್ಟರು ಒಳ್ಳೆಯ ಮಾತುಗಾರರು. ಡೇಟಾ ಅಂದರು, ಪ್ಯಾಟರ್ನ್ ಅಂದರು, ಗೋಡೆಯ ಮೇಲೆ ಬಣ್ಣಬಣ್ಣದ ಗೆರೆ ತೋರಿಸಿದರು. ಬಹಳ ಹೊತ್ತು ಮಾತಾಡಿ, ನಡುವೆ ಎಲ್ಲೋ ಒಂದು ಕಡೆ, ಯೋಜನೆ ಇವತ್ತಿಗೆ ಮುಗಿಯಿತು, ಪಟ್ಟಿಗಳನ್ನು ದಯವಿಟ್ಟು ವಾಪಸು ಕೊಡಿ ಅಂದರು. ನನಗೂ ಅದು ಆಗಲೇ ಗೊತ್ತಾದದ್ದು. ಪಕ್ಕದಲ್ಲಿದ್ದ ಒಬ್ಬ ಹೆಂಗಸು ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು. "ಔಷಧಿ ಊಟಕ್ಕಿಂತ ಮುಂಚೆ ಕೊಡ್ತಾರಾ, ಆಮೇಲಾ?" ನಾನು ಅವಳ ಕೈ ಹಿಡಿದುಕೊಂಡೆ.

ಈಗ ಒಂದು ಮಾತು ಹೇಳಬೇಕು. ಕೂತವರು ಬಹಳ ಹೊತ್ತು ಕೂತೇ ಇದ್ದರೆ ಕೀಲು ಬಿಗಿಯುತ್ತದೆ. ಅದಕ್ಕೆ ಆ ಪಟ್ಟಿ ನೋವು ಕೇಳುವುದರ ಜೊತೆಗೆ ಆಗಾಗ ಗುರ್ ಅಂದು ಎಬ್ಬಿಸುತ್ತದೆ ಕೂಡ. "ಅದು ಹೇಳಿದ ತಕ್ಷಣ ಏನೇ ಇರಲಿ, ಎದ್ದು ನಿಂತ್ಕೋಬೇಕು," ಎಂದು ನಾನು ಮನೆಮನೆಗೂ ಹೋಗಿ ಕಟ್ಟುನಿಟ್ಟು ಮಾಡಿದ್ದೆ. ಎಲ್ಲರೂ ಒಂದೇ ಹೊತ್ತಿಗೆ ಕೂತಿದ್ದರಲ್ಲ, ಎಲ್ಲ ಪಟ್ಟಿಯೂ ಒಂದೇ ಹೊತ್ತಿಗೆ ಗುರ್ ಅಂದವು.

ವೇದಿಕೆಯ ಮೇಲೆ ಡಾಕ್ಟರು ಸರಿಯಾಗಿ ಆಗಲೇ ಕೈಮುಗಿದು, "ನಿಮ್ಮ ನೋವು ನಮ್ಮ ನೋವು," ಅಂದರು.

ಇಡೀ ಸಭೆ ಎದ್ದು ನಿಂತಿತು. ಒಮ್ಮೆಲೇ ಅಲ್ಲ. ಮುಂದಿನ ಕುರ್ಚಿ ಹಿಡಿದು, ಪಕ್ಕದವರ ಭುಜ ಹಿಡಿದು, ಹಲ್ಲು ಕಚ್ಚಿ, "ಅಮ್ಮಾ," "ಶಿವನೇ," ಎನ್ನುತ್ತಾ ಒಬ್ಬೊಬ್ಬರಾಗಿ ಎದ್ದರು. ಡಾಕ್ಟರು ಮಾತು ನಿಲ್ಲಿಸಿದರು. ಅವರ ಕಣ್ಣು ತುಂಬಿ ಬಂತು. ಕನ್ನಡಕ ತೆಗೆದು ಒರೆಸಿಕೊಂಡರು. ಫೋಟೋದವನು ಓಡಿಬಂದು ಪಟಪಟ ಫೋಟೋ ಹೊಡೆದ.

"ಇಷ್ಟು ಪ್ರೀತಿಗೆ ನಾನು ಯೋಗ್ಯನಲ್ಲ," ಅಂದರು ಡಾಕ್ಟರು, ಗದ್ಗದವಾಗಿ. "ದಯವಿಟ್ಟು ಕೂತ್ಕೊಳ್ಳಿ."

ಯಾರೂ ಕೂರಲಿಲ್ಲ. ಡಾಕ್ಟರ ಕಣ್ಣು ಮತ್ತೆ ತುಂಬಿತು. "ದಯಮಾಡಿ ಕೂತ್ಕೊಳ್ಳಿ!"

ಮುಂದಿನ ಸಾಲಿನಿಂದ ಒಬ್ಬ ಮುದುಕಿ ಕೈ ಎತ್ತಿದಳು. "ಎದ್ದಿದ್ದೇ ದೊಡ್ಡದು ಸ್ವಾಮಿ. ಕೂತ್ರೆ ಊಟಕ್ಕೆ ಮತ್ತೆ ಏಳಬೇಕಲ್ಲ. ನೀವು ಮಾತಾಡಿ, ನಾವು ಹಿಂಗೇ ಇರ್ತೀವಿ."

ಹಾಗೆ ನಿಂತವರ ಕೈಯಿಂದಲೇ ಪಟ್ಟಿ ಬಿಚ್ಚತೊಡಗಿದೆವು. ಬಿಚ್ಚಿ ಕೊಡಿ ಅಂದರೆ ಅವರಿಗೆ ಬಿಚ್ಚಲು ಬಾರದು. ಕೊಂಡಿ ಅಕ್ಕಿಕಾಳಿನಷ್ಟು. ಊದಿದ ಬೆರಳಿಗೆ ಅದು ಸಿಗುವುದೇ ಇಲ್ಲ. ಸಂಧಿವಾತದವರಿಗೆಂದೇ ಮಾಡಿದ ಪಟ್ಟಿ! ನಾನು ಒಂದು ಕಡೆಯಿಂದ, ಬೆಂಗಳೂರಿನ ಮೇಡಂ ಇನ್ನೊಂದು ಕಡೆಯಿಂದ ಬಿಚ್ಚುತ್ತಾ ಬಂದೆವು. ಮೇಡಂ ಈ ಜನರನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಒಂದೊಂದು ಕೈ ಹಿಡಿದಾಗಲೂ ಅವರ ಮುಖ ಇಳಿಯುತ್ತಿತ್ತು. ಆದರೂ ಕೆಲಸ ಕೆಲಸವಲ್ಲವೇ. ಬಿಚ್ಚಿದ ಪ್ರತಿಯೊಬ್ಬರಿಗೂ ಒಂದು ಕಡೆಯ ಪ್ರಶ್ನೆ ಕೇಳಿ ಮೊಬೈಲಿನಲ್ಲಿ ಒತ್ತಬೇಕಿತ್ತು: ಈ ಯೋಜನೆಯಿಂದ ನೋವು ಕಮ್ಮಿ ಆಗಿದೆಯೇ?

"ಇಲ್ಲವ್ವ." "ಎಲ್ಲಿ ತಾಯಿ?" "ಹಂಗೇ ಐತೆ." "ಇವತ್ತು ಮೆಟ್ಲು ಹತ್ತಿದ ಮೇಲೆ ಜಾಸ್ತಿ." ಸಾಲಿನುದ್ದಕ್ಕೂ ಅದೇ ಉತ್ತರ. ಮೇಡಂ ಒತ್ತುತ್ತಾ ಹೋದರು. ಅವರ ಕೈ ನಿಧಾನವಾಗುತ್ತಾ ಬಂತು.

ಕೊನೆಯಲ್ಲಿ ಬೀರೂರಿನ ಒಬ್ಬ ಯಜಮಾನರು, ಗಾರೆ ಕೆಲಸ ಮಾಡಿ ಮಾಡಿ ಮಣಿಕಟ್ಟು ಹೋದವರು. ಅವರ ಕೈ ಎಷ್ಟು ಊದಿತ್ತೆಂದರೆ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಮೇಡಂ ನೆಲದ ಮೇಲೆ ಮಂಡಿಯೂರಿ ಕೂತು, ಉಗುರಿನಲ್ಲಿ ಮೀಟಿ ಮೀಟಿ, ಬಹಳ ಹೊತ್ತಿನ ಮೇಲೆ ಅದನ್ನು ಬಿಚ್ಚಿದರು. ಯಜಮಾನರು ಮಣಿಕಟ್ಟು ಸವರಿಕೊಂಡರು. ಎರಡು ಸಲ ಕೈ ಒದರಿದರು. ಮುಖದಲ್ಲಿ ಒಂದು ಕಳೆ ಬಂತು.

"ಈಗ ಹೇಗಿದೆ ಯಜಮಾನ್ರೇ, ನೋವು ಕಮ್ಮಿ ಆಗಿದೆಯಾ?" ಮೇಡಂ ಅಳುವ ಧ್ವನಿಯಲ್ಲೇ ಕೇಳಿದರು.

"ಆಹಾ! ಈಗ ಪ್ರಾಣ ಬಂದಂಗಾಯ್ತು ನೋಡವ್ವ! ಅರ್ಧ ನೋವು ಇಲ್ಲೇ ಹೋಯ್ತು. ಇದನ್ನ ಮೊದಲೇ ಬಿಚ್ಚಿದ್ರೆ ಎಷ್ಟು ಪುಣ್ಯ ಬರ್ತಿತ್ತು ನಿಮಗೆ!"

ಮೇಡಂ ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಮೊಬೈಲ್ ತೆಗೆದು, 'ಕಮ್ಮಿ ಆಗಿದೆ' ಎಂದು ಒತ್ತಿದರು.

ಮೂರು ತಾಲ್ಲೂಕಿನಲ್ಲಿ ನಮ್ಮ ಪಟ್ಟಿಯಿಂದ ಗುಣ ಕಂಡವರು ಅವರೊಬ್ಬರೇ.